ನನ್ನ ಮಾತಿಗೊಂದು ಓಟು

ಕೆಲವರಿಗೆ ಹೋದಲ್ಲೆಲ್ಲ ಹಾರ ತುರಾಯಿ ಕಾದಿರುತ್ತದೆ. ನನಗೆ ಹೋದಲ್ಲೆಲ್ಲ ಫಜೀತಿ ಕಾದಿರುತ್ತದೆ. ಕೆಲಸದಲ್ಲಿದ್ದಷ್ಟು ದಿನ ಇದು ನೌಕರಿಯ ದೋಷ ಅಂದುಕೊಂಡಿದ್ದೆ. ನಿವೃತ್ತನಾಗಿ ಊರು ಸೇರಿದ ಮೇಲೂ ಅದು ಬೆನ್ನು ಬಿಡದೆ ಬಂದಾಗ, ದೋಷ ನೌಕರಿಯದಲ್ಲ, ನೌಕರನದು ಎಂದು ಗೊತ್ತಾಯಿತು.

ನಾನು ನೀರಾವರಿ ಇಂಜಿನಿಯರ್. ಅದೂ ಕೋಲಾರ ಜಿಲ್ಲೆಯಲ್ಲಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ಇಡೀ ಸರ್ವೀಸು ನೀರಾವರಿ ಮಾಡಿದ್ದೇನೆ ಎಂದರೆ ಬೇರೆ ಕಡೆಯವರು ಒಂದು ಗಳಿಗೆ ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ಕಾವೇರಿ ಸೀಮೆಯ ಒಬ್ಬ ಸಹಪಾಠಿ ಮಾತ್ರ ಬಾಯಿ ಬಿಟ್ಟು ಕೇಳಿದ, "ಅಲ್ಲಯ್ಯ, ಆಫೀಸಲ್ಲಿ ಕುಡಿಯೋ ನೀರಿಗೆ ಏನ್ ಮಾಡ್ತಿದ್ರಿ?"

ಇನ್ನು ನನ್ನ ರಾಜಕೀಯ. ಕಾಲೇಜಿನಲ್ಲಿ ಗಡ್ಡ ಬಿಟ್ಟು, ಜುಬ್ಬಾ ತೊಟ್ಟು, ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನು ನಾನು. ಊರಿನ ನೀರು ಊರಿಗೆಲ್ಲ ಸಮ. ಗಂಡು ಹೆಣ್ಣು ಸಮ. ಓಟು ಹಾಕುವಾಗ ಜಾತಿ ನೋಡಬಾರದು, ನೆಂಟಸ್ತನ ನೋಡಬಾರದು, ಕೈಲಾಗುವವರು ಯಾರು ಎಂದಷ್ಟೇ ನೋಡಬೇಕು. ಇಷ್ಟೇ ನನ್ನ ಸಿದ್ಧಾಂತ. ಕಟ್ಟಿದ ಗಂಟಲು ಬಿಡುವಷ್ಟರಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಸರ್ಕಾರಿ ನೌಕರ ರಾಜಕೀಯ ಮಾತಾಡುವಂತಿಲ್ಲ. ಬಾಯಿಗೆ ಬೀಗ ಬಿತ್ತು. ಪರವಾಗಿಲ್ಲ, ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದು ನಿವೃತ್ತಿಯಾದ ಮಾರನೆಯ ಬೆಳಗ್ಗೆಯಿಂದ ಶುರು ಮಾಡೋಣ ಅಂದುಕೊಂಡೆ. ನನ್ನ ವಿಚಾರಗಳು ಉಪ್ಪಿನಕಾಯಿಯ ಹಾಗೆ ಕೂತಷ್ಟೂ ರುಚಿಯಾಗುತ್ತವೆ ಎಂದು ನಂಬಿದ್ದೆ.

ಮಂತ್ರಿಯಾಗುವ ಆಸೆಯೇನೂ ನನಗಿರಲಿಲ್ಲ. ಇದ್ದದ್ದು ಒಂದೇ ಆಸೆ. ಯಾರಾದರೂ ಒಬ್ಬರು, ಒಬ್ಬರೇ ಸಾಕು, ನನ್ನ ಮಾತು ಕೇಳಿ, ಹೌದಲ್ಲ ಅನ್ನಿಸಿ, ಹೋಗಿ ಅದರಂತೆ ಒಂದು ಓಟು ಹಾಕಬೇಕು. ಅದು ನನ್ನ ಹೆಂಡತಿಯೇ ಆದರೆ ಇನ್ನೂ ಸಂತೋಷ. ಆ ಒಂದು ಓಟಿಗಾಗಿ ಪಟ್ಟ ಪಾಡು ಇಲ್ಲಿದೆ.

ಹೆಣ್ಣು ನೋಡಲು ಹೋದದ್ದು

ಹೆಣ್ಣಿನ ಮನೆ ಮುಳಬಾಗಿಲು ತಾಲ್ಲೂಕು, ಬೈರಕೂರಿನ ಹತ್ತಿರ. ಮಾವನವರದು ಮಾವಿನ ತೋಟ, ತರಕಾರಿ ಬೇಸಾಯ. ಮಾತು ಕಡಿಮೆ, ಮೀಸೆ ಜಾಸ್ತಿ. ಚೌಚೌ ಬಾತು, ಮೈಸೂರುಪಾಕು ಮುಗಿದ ಮೇಲೆ ವಿಚಾರಣೆ ಶುರುವಾಯಿತು.

"ಹುಡುಗನ್ಗೆ ಏನ್ ಕೆಲ್ಸ?"

"ನೀರಾವರಿ ಇಂಜಿನಿಯರ್ರು" ಎಂದರು ನಮ್ಮ ದೊಡ್ಡಪ್ಪ, ಎದೆ ಉಬ್ಬಿಸಿಕೊಂಡು.

"ಯಾವ ಕಡೆ?"

"ಇಲ್ಲೇ, ನಮ್ ಜಿಲ್ಲೇಲೇ."

ಮಾವನವರು ಮೀಸೆಯ ಮೇಲೆ ಕೈಯಾಡಿಸುತ್ತಾ ತುಂಬಾ ಹೊತ್ತು ಯೋಚಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಒಳ್ಳೇದೇ ಆಯ್ತು ಬಿಡು. ಕೆಲ್ಸ ಇರಲ್ಲ, ಹುಡುಗ ಯಾವಾಗ್ಲೂ ಮನೇಲೇ ಇರ್ತಾನೆ" ಎಂದರು.

ಅಷ್ಟಕ್ಕೇ ಸಂಬಂಧ ಕುದುರಿತು ಅನ್ನಬಹುದು. ಆದರೆ ನನ್ನ ಸಿದ್ಧಾಂತ ಕೇಳಬೇಕಲ್ಲ. ಹುಡುಗಿಯ ಹತ್ತಿರ ಎರಡು ಮಾತಾಡಬೇಕು ಎಂದೆ. ಆ ಕಾಲಕ್ಕೆ ಅದು ದೊಡ್ಡ ಕ್ರಾಂತಿ. ಹಿತ್ತಲ ಹುಣಸೆ ಮರದ ಕೆಳಗೆ ನಮ್ಮನ್ನು ನಿಲ್ಲಿಸಿ, ಕೇಳಿಸದಷ್ಟು ದೂರದಲ್ಲಿ ಅವಳ ಅಜ್ಜಿಯನ್ನು ಕೂರಿಸಿದರು. ಅಜ್ಜಿ ಕೇಳಿಸುವಷ್ಟು ಹತ್ತಿರಕ್ಕೆ ತಾನಾಗಿಯೇ ಸರಿದುಕೊಂಡು ಬಂದರು.

ನಾನು ಭಾಷಣದ ಗತ್ತಿನಲ್ಲೇ ಹೇಳಿದೆ. "ನಮ್ಮ ಮನೆಯಲ್ಲಿ ಗಂಡು ಹೆಣ್ಣು ಅಂತ ಮೇಲು ಕೀಳು ಇರಲ್ಲ. ನನ್ನ ಅಭಿಪ್ರಾಯ ನನಗೆ, ನಿನ್ನ ಅಭಿಪ್ರಾಯ ನಿನಗೆ. ಗಂಡ ಹೇಳಿದ ಅಂತ ಯಾವುದನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಏನಂತೀಯ?"

ಅವಳು ತಲೆ ತಗ್ಗಿಸಿಕೊಂಡೇ, "ಆಗ್ಲಿ" ಎಂದಳು.

ನನ್ನ ಮಾತಿಗೆ ಅವಳು 'ಆಗ್ಲಿ' ಎಂದದ್ದು ಅದೇ ಮೊದಲು. ಕೊನೆಯೂ ಅದೇ.

ನಾಲ್ಕು ದಿಕ್ಕಿಗೆ ನಲ್ಲಿ

ನೀರಾವರಿಗೆ ನೀರಿಲ್ಲದ ವರ್ಷಗಳಲ್ಲಿ ನಮ್ಮನ್ನು ಕುಡಿಯುವ ನೀರಿನ ಕೆಲಸಕ್ಕೆ ಹಾಕುತ್ತಿದ್ದರು. ಹಾಗೆ ಒಮ್ಮೆ ರಾಯಲ್ಪಾಡಿನ ಕಡೆಯ ಒಂದು ಹಳ್ಳಿಗೆ ನೀರಿನ ಟ್ಯಾಂಕು ಕಟ್ಟಿಸುವ ಹೊಣೆ ಬಂತು. ಆಂಧ್ರದ ಗಡಿ ಅಲ್ಲಿಂದ ಕೂಗಳತೆ. ಜನ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಜಗಳವಾದರೆ ಎರಡನ್ನೂ ಒಟ್ಟಿಗೆ ಬಳಸುತ್ತಾರೆ.

ಆ ಊರಿನಲ್ಲಿ ಇದ್ದದ್ದು ಒಂದೇ ನಲ್ಲಿ. ದಿನ ಬೆಳಗಾದರೆ ಅದರ ಮುಂದೆ ಬಿಂದಿಗೆಗಳ ಸಾಲು, ಹೆಂಗಸರ ಜಗಳ. ಬಿಂದಿಗೆ ಇಡಲು ಆಗದವರು ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಆ ಕಲ್ಲನ್ನು ಯಾರೋ ಸರಿಸಿದರೆಂದು ಎರಡು ಮನೆಗಳ ನಡುವೆ ಬೀಗತನವೇ ಮುರಿದು ಬಿದ್ದಿತ್ತು. ನನ್ನ ಸಿದ್ಧಾಂತ ಜಾಗೃತವಾಯಿತು. ಹೊಸ ಟ್ಯಾಂಕಿಗೆ ನಾಲ್ಕು ದಿಕ್ಕಿಗೂ ಒಂದೊಂದು ನಲ್ಲಿ ಇಡಿಸಿದೆ. ಯಾವ ಬೀದಿಯವರು ಯಾವ ಕಡೆಯಿಂದ ಬಂದರೂ ನೀರು ಸಮ, ಕಾಯುವುದೂ ಸಮ. ಊರಿಗೆ ಸಮಾನತೆ ತಂದುಕೊಟ್ಟೆ ಎಂದು ಆ ದಿನ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಕೆಲವು ವಾರ ಬಿಟ್ಟು ನೋಡಲು ಹೋದೆ. ಪೂರ್ವದ ನಲ್ಲಿಯ ಮುಂದೆ ಇಡೀ ಊರಿನ ಬಿಂದಿಗೆ. ಅದೇ ಕಲ್ಲು, ಅದೇ ಜಗಳ. ಉಳಿದ ಮೂರು ನಲ್ಲಿಗಳ ಹತ್ತಿರ ನರಪಿಳ್ಳೆ ಇಲ್ಲ. ಎಮ್ಮೆಗಳು ಮಾತ್ರ ನೆಮ್ಮದಿಯಾಗಿ ನೀರು ಕುಡಿಯುತ್ತಿದ್ದವು.

ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳದ ನಟ್ಟನಡುವೆ ನಿಂತಿದ್ದ ಒಬ್ಬಾಕೆಯನ್ನು ಕೇಳಿದೆ. "ಯಾಕಮ್ಮ, ಆ ಕಡೆ ನಲ್ಲಿಗಳು ಖಾಲಿ ಇದಾವಲ್ಲ?"

"ಏಂ ಸಾರೂ, ಅಲ್ಲಿ ಒಬ್ಬೊಬ್ರೇ ನಿಂತ್ಕೊಂಡು ಯಾರತ್ರ ಮಾತಾಡೋದು, ಯಾರತ್ರ ಜಗಳ ಆಡೋದು?" ಎಂದಳು. ನಾನೇ ಆ ಟ್ಯಾಂಕಿನ ಇಂಜಿನಿಯರ್ ಎಂದು ಅವಳಿಗೆ ಗೊತ್ತಿರಲಿಲ್ಲ. ಎಮ್ಮೆಗಳ ಕಡೆ ನೋಡಿ, ಕೈಯೆತ್ತಿ ಮುಗಿದು ಹೇಳಿದಳು. "ಆದ್ರೂ ಯಾರೋ ಪುಣ್ಯಾತ್ಮ ಸಾರ್. ಬಾಯಿಲ್ಲದ ಎಮ್ಮೆಗಳ್ಗೂ ಬೇರೆ ನಲ್ಲಿ ಇಡ್ಸವ್ನೆ. ಅವ್ನ ಹೊಟ್ಟೆ ತಣ್ಣಗಿರ್ಲಿ."

ಯಾವುದಕ್ಕೆ ಒತ್ಲಿ ಸ್ವಾಮಿ?

ಸರ್ಕಾರಿ ನೌಕರನಿಗೆ ರಾಜಕೀಯ ಮಾತಾಡಲು ಬಿಡದ ಸರ್ಕಾರ, ರಾಜಕೀಯದ ನಟ್ಟನಡುವೆ ಕೂರಿಸುವುದನ್ನು ಮಾತ್ರ ಬಿಡುವುದಿಲ್ಲ. ಅದಕ್ಕೆ ಎಲೆಕ್ಷನ್ ಡ್ಯೂಟಿ ಎಂದು ಹೆಸರು. ಒಂದು ಸಲ ಹೋಳೂರಿನ ಕಡೆಯ ಒಂದು ಶಾಲೆಯಲ್ಲಿ ನಾನು ಮತಗಟ್ಟೆ ಅಧಿಕಾರಿ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡು ರಟ್ಟಿನ ಮರೆಯ ಹಿಂದೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಆಮೇಲೆ ಮರೆಯ ಮೇಲಿಂದ ಅವರ ತಲೆ ಕಾಣಿಸಿತು.

"ಸ್ವಾಮೀ, ಇದ್ರಲ್ಲಿ ಯಾವುದಕ್ಕೆ ಒತ್ಲಿ?"

ಪಕ್ಷಗಳ ಏಜೆಂಟರೆಲ್ಲ ಬೆಂಚಿನ ಮೇಲೆ ನೆಟ್ಟಗಾದರು. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಮತದಾರರು, ಅದೂ ಯಂತ್ರದ ಮುಂದೆ ಬೆರಳೆತ್ತಿ ನಿಂತವರು, ಯಾರಿಗೆ ಹಾಕಲಿ ಎಂದು ನನ್ನನ್ನು ಕೇಳುತ್ತಿದ್ದಾರೆ. ಬಾಯಿಗೆ ಬಂದ ತುತ್ತು. ಆದರೆ ನುಂಗುವಂತಿಲ್ಲ.

"ನಿಮಗೆ ಇಷ್ಟ ಬಂದೋರಿಗೆ ಒತ್ತಿ ಅಜ್ಜಿ."

"ನಂಗೆ ಯಾರೂ ಇಷ್ಟ ಇಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

"ನಾನು ಹೇಳೋ ಹಾಗಿಲ್ಲ ಅಜ್ಜಿ."

"ಯಾಕೆ, ನಿಮ್ಗೂ ಗೊತ್ತಿಲ್ವಾ?"

"ಗೊತ್ತು. ಹೇಳಬಾರದು."

ಅಜ್ಜಿ ನನ್ನನ್ನು ಒಂದು ಥರಾ ನೋಡಿದರು. ಮರೆಯೊಳಗೆ ತಲೆ ಇಳಿಯಿತು, ಯಂತ್ರ ಕುಂಯ್ ಎಂದಿತು. ಬಾಗಿಲು ದಾಟುವಾಗ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವ ಹಾಗೆ ಹೇಳಿಕೊಂಡು ಹೋದರು.

"ಒಳಗ್ ಕೂತಿರೋ ಆವಪ್ಪನ್ನ ಏನೂ ಕೇಳ್ಬ್ಯಾಡ್ರಮ್ಮ. ಪಾಪ, ಅವ್ರಿಗೂ ಏನೂ ಗೊತ್ತಿಲ್ಲ. ಸುಮ್ನೆ ಕೂತವ್ರೆ."

ಗುಟ್ಟು

ನನ್ನ ಹೆಂಡತಿಯ ವಿಚಾರಕ್ಕೆ ಬರುತ್ತೇನೆ. ಮದುವೆಯಾದಾಗಿನಿಂದ ಎಷ್ಟು ಎಲೆಕ್ಷನ್ ಬಂದು ಹೋದವೋ, ಅಷ್ಟು ಸಲವೂ ಮತಗಟ್ಟೆಯ ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದ್ದೇನೆ. ಹೆಂಡತಿಯ ಹತ್ತಿರ ರಾಜಕೀಯ ಮಾತಾಡಬಾರದೆಂದು ಯಾವ ಸರ್ಕಾರವೂ ಹೇಳಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು. ನಡುವೆ, "ಆ ಮನೆಯೋರು ಸುಣ್ಣ ಹೊಡ್ಸವ್ರೆ ನೋಡಿ" ಎನ್ನುತ್ತಿದ್ದಳು.

ವಾಪಸು ಬರುವಾಗ ನಾನು ಕೇಳುತ್ತಿದ್ದೆ, "ಯಾರಿಗೆ ಹಾಕಿದೆ?"

"ಗುಟ್ಟಾಗಿ ಹಾಕೋದಲ್ವಾ ರೀ ಓಟು? ಡ್ಯೂಟಿ ಮಾಡ್ದೋರು ನೀವು, ನಿಮ್ಗೆ ಗೊತ್ತಿಲ್ವಾ?"

"ಗಂಡನ ಹತ್ತಿರ ಎಂಥಾ ಗುಟ್ಟೇ?"

"ಹುಣಸೆ ಮರದ ಕೆಳಗೆ ನೀವೇ ಹೇಳಿದ್ರಲ್ಲ, ನನ್ ಅಭಿಪ್ರಾಯ ನಂಗೆ ಅಂತ. ನಮ್ಮಜ್ಜೀನೂ ಕೇಳಿಸ್ಕೊಂಡವ್ರೆ."

ಆ ಅಜ್ಜಿ ತೀರಿಕೊಂಡು ಯಾವ ಕಾಲವಾಯಿತೋ. ಸಾಕ್ಷಿ ಹೇಳುವುದನ್ನು ಮಾತ್ರ ಇನ್ನೂ ನಿಲ್ಲಿಸಿಲ್ಲ.

ಬರಾಬರ್ ಸಾಬ್

ನಿವೃತ್ತನಾಗಿ ಶ್ರೀನಿವಾಸಪುರದ ಪಕ್ಕದ ನಮ್ಮ ಊರಿಗೆ ಬಂದು ನೆಲೆಸಿದೆವು. ಬಾಯಿಯ ಬೀಗ ತೆಗೆಯಿತು. ಮಾತಾಡಲು ಜನ ಬೇಕಲ್ಲ. ಪೇಟೆಯಲ್ಲಿ ಮಾವಿನ ಮಂಡಿ ಇಟ್ಟಿರುವ ಒಬ್ಬ ಸಾಹೇಬರು ನನ್ನ ಹೈಸ್ಕೂಲು ಗೆಳೆಯ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಮನೆಯವರನ್ನು ಬಿಟ್ಟು ಅವನ ಮಂಡಿಗೆ ಹೋಗಿ ಕೂರತೊಡಗಿದೆ.

ಅಂಥ ಶ್ರೋತೃ ಲೋಕದಲ್ಲಿ ಇನ್ನೊಬ್ಬನಿಲ್ಲ. ಮಾವಿನಕಾಯಿಯ ರಾಶಿಯ ಪಕ್ಕ ನನಗೊಂದು ಕುರ್ಚಿ ಹಾಕಿಸಿ, ಚಹಾ ತರಿಸಿ, ನಾನು ಹೇಳಿದ ಒಂದೊಂದು ಮಾತಿಗೂ ತಲೆದೂಗಿ "ಬರಾಬರ್ ಸಾಬ್" ಎನ್ನುತ್ತಿದ್ದ. ಜಾತಿ ನೋಡಿ ಓಟು ಹಾಕುವುದು ತಪ್ಪು ಎಂದರೆ "ಬರಾಬರ್ ಸಾಬ್". ನಮ್ಮ ಕೆರೆಗಳ ಹೂಳು ತೆಗೆಸದವರಿಗೆ ಓಟು ಕೇಳುವ ಮುಖವೇ ಇಲ್ಲ ಎಂದರೆ "ಏಕ್‌ದಂ ಬರಾಬರ್". ಒಂದು ಸೀಸನ್ನು ಪೂರ್ತಿ ಹೀಗೇ ನಡೆಯಿತು. ಓಟು ಸಿಕ್ಕೇಬಿಟ್ಟಿತು ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡೆ. "ಇರ್ಲಿ, ಊಟಕ್ ಬನ್ನಿ" ಎಂದಳು.

ಎಲೆಕ್ಷನ್ ಹತ್ತಿರ ಬಂದಾಗ ಒಂದು ದಿನ ಹೋಗಿ ನೋಡಿದರೆ ನನ್ನ ಕುರ್ಚಿಯಲ್ಲಿ ಇನ್ಯಾರೋ ಕೂತಿದ್ದಾರೆ. ನನ್ನ ಸಿದ್ಧಾಂತಕ್ಕೆ ಪೂರ್ತಿ ಎದುರಾದ ಪಕ್ಷದ ಮುಖಂಡ. ಏನೇನೋ ಹೇಳುತ್ತಿದ್ದಾನೆ. ನಮ್ಮವನು ಅದೇ ಲಯದಲ್ಲಿ ತಲೆದೂಗುತ್ತಾ "ಬರಾಬರ್ ಸಾಬ್" ಎನ್ನುತ್ತಿದ್ದಾನೆ.

ಆತ ಎದ್ದು ಹೋದ ಮೇಲೆ ನಾನು ಮುಖ ಊದಿಸಿಕೊಂಡು ಕೇಳಿದೆ. "ಏನ್ಲಾ ಇದು? ನನಗೂ ಬರಾಬರ್, ಅವನಿಗೂ ಬರಾಬರ್?"

ಅವನು ನನ್ನ ಭುಜ ತಟ್ಟಿದ. "ಬೇಜಾರ್ ಮಾಡ್ಕೋಬೇಡ ಕಣೋ. ಮಂಡಿಯಲ್ಲಿ ಕೂತೋನು ಎಲ್ಲರ್ ಮಾತ್ಗೂ ತಲೆ ಆಡಿಸ್ಬೇಕು. ಆದ್ರೆ ನಿನ್ ಮಾತು ಕೇಳ್ದಷ್ಟು ಇನ್ಯಾರ್ ಮಾತೂ ಕೇಳಿಲ್ಲ ನೋಡು."

ನನಗೆ ಸ್ವಲ್ಪ ಸಮಾಧಾನವಾಯಿತು. "ಹೌದಾ? ಅಷ್ಟು ಇಷ್ಟವಾಯ್ತಾ?"

"ನೀನು ಕೂತ್ರೆ ಸಾಲ ಕೇಳೋಕೆ ಬರೋರು ಬೀದಿ ಕೊನೇಲೇ ವಾಪಸ್ ಹೋಗ್ತಾರೆ ಕಣೋ."

ಓಂ ಶಾಂತಿ

ಮಂಡಿ ಕೈಕೊಟ್ಟ ಮೇಲೆ ಉಳಿದದ್ದು ಮೊಬೈಲು. ನಮ್ಮ ಹೆಂಡತಿಯ ಕಡೆಯವರದು ಒಂದು ವಾಟ್ಸಾಪ್ ಗುಂಪಿದೆ. ಬೆಳಗ್ಗೆ ಎದ್ದರೆ ಗುಲಾಬಿ ಹೂವು, ಮಲಗುವಾಗ ಚಂದ್ರ. ನಡುವೆ ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕು. ಅಷ್ಟು ಜನ ಮತದಾರರು ಒಂದೇ ಕಡೆ ಕೂತಿರುವಾಗ ಸುಮ್ಮನಿರುವುದು ತಪ್ಪೆನ್ನಿಸಿತು. ಪ್ರಜಾಪ್ರಭುತ್ವದಲ್ಲಿ ಓಟಿನ ಬೆಲೆ ಏನು ಎಂದು ಒಂದು ದೀರ್ಘ ಲೇಖನ ಬರೆದೆ. ಹೆಬ್ಬೆರಳು ನೋಯುವ ಹಾಗೆ ಟೈಪು ಮಾಡಿ, ಒಂದು ಬೆಳಗ್ಗೆ ಗುಲಾಬಿಗಳ ನಡುವೆ ಹಾಕಿಬಿಟ್ಟೆ.

ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆ ಗುಂಪಿನಲ್ಲಿ ಉದ್ದನೆಯ ಬರಹ ಬರುವುದು ಯಾರಾದರೂ ಸತ್ತಾಗ ಮಾತ್ರ.

ಮೊದಲು ಒಬ್ಬ ಅತ್ತಿಗೆ ಎರಡು ಕೈ ಮುಗಿದ ಚಿತ್ರ ಹಾಕಿದರು. ನನ್ನ ವಿಚಾರಕ್ಕೆ ನಮಸ್ಕಾರ ಎಂದುಕೊಂಡು ಉಬ್ಬಿದೆ. ಆಮೇಲೆ ಒಬ್ಬರು "ಓಂ ಶಾಂತಿ" ಎಂದರು. ಅದರ ಹಿಂದೆಯೇ ಸಾಲಾಗಿ ಓಂ ಶಾಂತಿ. "ತುಂಬಾ ಒಳ್ಳೆಯವರು, ಯಾರ ತಂಟೆಗೂ ಹೋದವರಲ್ಲ" ಎಂದು ಒಬ್ಬರು. "ಭಗವಂತ ಮನೆಯವರಿಗೆ ದುಃಖ ಭರಿಸುವ ಶಕ್ತಿ ಕೊಡಲಿ" ಎಂದು ಇನ್ನೊಬ್ಬರು. ಯಾರು ಸತ್ತದ್ದು ಎಂದು ಯಾರೂ ಕೇಳಲಿಲ್ಲ. ಯಾರೂ ಸತ್ತಿಲ್ಲ ಎಂದು ಬರೆಯುವಷ್ಟರಲ್ಲಿ ಚಾರ್ಜು ಮುಗಿದು ಮೊಬೈಲೇ ಸತ್ತಿತು, ಆ ದಿನ ಕರೆಂಟೂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾಲೂರಿನಿಂದ ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಬಂದಿಳಿದರು. ಕೈಯಲ್ಲೊಂದು ಸೇವಂತಿಗೆ ಹಾರ. ಗೇಟಿನ ಹತ್ತಿರ ನಿಂತು ನಾನು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದುದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು.

"ನೀವು... ಇದೀರಾ?"

"ಇದೀನಲ್ಲ."

"ಮತ್ತೆ ಯಾರು ಹೋಗಿದ್ದು? ನಿಮ್ಮ ನಂಬರಿಂದ ಬಂದಿತ್ತಲ್ಲ, ಮನೆಯೋರು ಯಾರೋ ಹಾಕವ್ರೆ ಅಂದ್ಕೊಂಡೆ."

ಹೆಂಡತಿ ಒಳಗಿನಿಂದ ಬಂದು ಹಾರ ನೋಡಿದಳು, ನನ್ನನ್ನು ನೋಡಿದಳು. ಹಾರ ತೆಗೆದುಕೊಂಡು ಹೋಗಿ ದೇವರ ಪಟಕ್ಕೆ ಹಾಕಿದಳು. "ಬಂದಿದೀರಲ್ಲ ಭಾವ, ಊಟ ಮಾಡ್ಕೊಂಡೇ ಹೋಗಿ. ಬಸ್ಸಾರು ಮಾಡಿದೀನಿ" ಎಂದಳು.

ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿದೆ. "ಅಲ್ಲ ಭಾವ, ಲೇಖನ ಓದಿದ್ರಾ?"

"ಓದ್ದೆನಪ್ಪಾ, ಒಂದಕ್ಷರ ಬಿಡದೆ ಕೊನೇವರ್ಗೂ ಓದ್ದೆ" ಎಂದರು ಷಡ್ಡಕರು. "ಎಲ್ಲೂ ಸತ್ತೋರ ಹೆಸರೇ ಇರ್ಲಿಲ್ಲ."

ಡೈರಿ ಎಲೆಕ್ಷನ್ನು

ಇಷ್ಟೆಲ್ಲ ಆದ ಮೇಲೆ ನಾನು ಆಸೆ ಬಿಟ್ಟಿದ್ದೆ. ಆಗ ಬಂತು ಡೈರಿ ಎಲೆಕ್ಷನ್ನು.

ನಮ್ಮ ಕಡೆಯ ಊರುಗಳನ್ನು ತಿಳಿಯದವರಿಗೆ ಒಂದು ಮಾತು ಹೇಳಬೇಕು. ಎಂಎಲ್‌ಎ ಎಲೆಕ್ಷನ್ನಿನಲ್ಲಿ ಎರಡು ಪಕ್ಷದವರೂ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಬೆಂಕಿಕಡ್ಡಿಯಲ್ಲಿ ಬೀಡಿ ಹಚ್ಚುತ್ತಾರೆ. ಊರಿನ ಹಾಲಿನ ಸಂಘದ ಎಲೆಕ್ಷನ್ನಿನಲ್ಲಿ ಮಾತ್ರ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಅದರಲ್ಲಿ ಓಟಿರುವುದು ಡೈರಿಗೆ ಹಾಲು ಹಾಕುವ ಸದಸ್ಯರಿಗೆ. ನಾನು ಹಾಲು ಹಾಕುವವನಲ್ಲ, ಕುಡಿಯುವವನು. ಊರಿಗೆ ಬಂದ ಮೇಲೆ ಎರಡು ಸೀಮೆಹಸು ಕಟ್ಟಿದವಳು ನನ್ನ ಹೆಂಡತಿ. ಇಡೀ ಜಿಲ್ಲೆಯಲ್ಲಿ 'ಇಂಜಿನಿಯರ್ ಸಾಹೇಬರು' ಆಗಿದ್ದ ನಾನು ಊರಿನಲ್ಲಿ 'ಸೀಮೆಹಸು ಅಮ್ಮನ ಮನೆಯೋರು' ಆಗಿದ್ದೆ. ರಾಜಕೀಯ ಸಿದ್ಧಾಂತ ನನ್ನದು, ಓಟು ಅವಳದು.

ಆ ಸಲ ಹೆಂಗಸರಿಗೆ ಮೀಸಲಾದ ಒಂದು ಸ್ಥಾನಕ್ಕೆ ನಿಲ್ಲಲು ನಮ್ಮ ಬೀದಿಯ ಹೆಂಗಸರು ಇವಳನ್ನು ಎಳೆದುಕೊಂಡು ಹೋದರು. "ಬ್ಯಾಡ ಕಣ್ರೇ, ನಂಗ್ಯಾಕೆ" ಎನ್ನುತ್ತಲೇ ನಿಂತಳು. ಎದುರಿಗೆ ನಿಂತದ್ದು ಡೈರಿ ಪಕ್ಕದ ಮನೆಯ ಸೊಸೆ. ನಾಲ್ಕು ಹಸು ಕಟ್ಟಿದವಳು, ಸ್ಕೂಟಿ ಓಡಿಸುವವಳು. ಹಾಲಿನ ಡಿಗ್ರಿ ಕಮ್ಮಿ ಬಂತು ಎಂದರೆ ಮೆಷಿನ್ನಿನ ಮುಂದೆಯೇ ನಿಂತು ಇನ್ನೊಂದು ಸಲ ನೋಡಿಸುವವಳು.

ನನ್ನ ಮೈಯಲ್ಲಿ ಕಾಲೇಜಿನ ಹುಡುಗ ಎದ್ದು ಕೂತ. ಹೆಂಡತಿ ಗೆಲ್ಲಬೇಕು, ಅದೂ ನನ್ನ ಮಾತಿನಿಂದ ಗೆಲ್ಲಬೇಕು. ಆಗ ಒಂದಲ್ಲ, ಓಟಿನ ಗಂಟೇ ನನ್ನ ಪಾಲಿಗೆ ಬರುತ್ತದೆ. ಜನ ನಿಂತು ಕೇಳುವ ಜಾಗ ಯಾವುದು ಎಂದು ಯೋಚಿಸಿದೆ. ರಾಯಲ್ಪಾಡಿನ ನಲ್ಲಿ ಕಲಿಸಿದ ಪಾಠ ನೆನಪಾಯಿತು. ಜನ ಎಲ್ಲಿ ಸಾಲಾಗಿ ನಿಲ್ಲುತ್ತಾರೋ ಅಲ್ಲಿಗೆ ನಾವು ಹೋಗಬೇಕು. ಸಾಯಂಕಾಲ ಡೈರಿಯ ಮುಂದೆ ಇಡೀ ಊರು ಕ್ಯಾನು ಹಿಡಿದು ನಿಂತಿರುತ್ತದೆ. ನನ್ನ ಭಾಷಣ ಬೇಡವೆಂದು ಹೊರಟರೆ ಸಾಲಿನಲ್ಲಿ ಜಾಗ ಹೋಗುತ್ತದೆ. ಅಂಥ ಸಭಿಕರು ಮುಖ್ಯಮಂತ್ರಿಗೂ ಸಿಗುವುದಿಲ್ಲ.

ಎಲೆಕ್ಷನ್ನಿನ ಹಿಂದಿನ ಸಾಯಂಕಾಲ ಡೈರಿಯ ಮೆಟ್ಟಿಲು ಹತ್ತಿ ಶುರು ಮಾಡಿದೆ. ನೌಕರಿಯ ಕಾಲದುದ್ದಕ್ಕೂ ಕಟ್ಟಿಟ್ಟದ್ದೆಲ್ಲ ಕೋಡಿ ಬಿತ್ತು. ಸ್ವಾತಂತ್ರ್ಯದಿಂದ ಹಿಡಿದು ಹಿಂಡಿಬೂಸಾದ ಬೆಲೆಯವರೆಗೆ ಬಂದೆ. ಹಾಲು ಅಳೆಯುವ ಕಾರ್ಯದರ್ಶಿ ಒಳಗಿನಿಂದ, "ಸಾರ್, ವ್ಯಾನ್ ಬರೋ ಟೈಮಾಯ್ತು" ಎಂದ. ಸಾಲಿನಲ್ಲಿ ಯಾರೋ, "ಹಾಲು ಒಡೀತದೆ ಸಾರ್" ಎಂದರು. ನಾನು ಕೊನೆಯ ಮಾತಿಗೆ ಬಂದೆ.

"ಜಾತಿ ನೋಡಬೇಡಿ. ನೆಂಟಸ್ತನ ನೋಡಬೇಡಿ. ನಮ್ಮ ಮನೆ, ನಮ್ಮ ಬೀದಿ ಅಂತ ನೋಡಬೇಡಿ. ನನ್ನ ಹೆಂಡತಿ ನಿಂತಿದ್ದಾಳೆ ಅಂತ ಅವಳಿಗೆ ಹಾಕಿ ಅಂತ ನಾನು ಕೇಳಲ್ಲ. ಇಬ್ಬರಲ್ಲಿ ಕೆಲಸ ಯಾರ ಕೈಲಾಗುತ್ತೆ? ಎದೆ ಮುಟ್ಟಿಕೊಂಡು ಕೇಳಿಕೊಳ್ಳಿ, ಅವರಿಗೇ ಹಾಕಿ."

ಇಷ್ಟು ದೊಡ್ಡ ಮನಸ್ಸು ತೋರಿಸಿದರೆ ಜನ ಕರಗಿ ನಮಗೇ ಹಾಕುತ್ತಾರೆ ಎಂಬ ಸಣ್ಣ ಲೆಕ್ಕ ಒಳಗಿತ್ತು, ಸುಳ್ಳೇಕೆ ಹೇಳಲಿ. ಜೋರಾಗಿ ಚಪ್ಪಾಳೆ ಬಿತ್ತು. ಎದುರಾಳಿ ಸೊಸೆ ಕ್ಯಾನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ತಟ್ಟದೆ ನಿಂತವಳು ನನ್ನ ಹೆಂಡತಿ ಒಬ್ಬಳೇ. ಸಾಲಿನ ನಡುವೆ ಕ್ಯಾನು ಹಿಡಿದುಕೊಂಡು, ಎಂದೂ ಇಲ್ಲದ ಹಾಗೆ, ಕಣ್ಣೆವೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಯಾವ ಮನೆಯವರು ಸುಣ್ಣ ಹೊಡೆಸಿದ್ದಾರೆ ಎಂದು ಆ ದಿನ ಅವಳು ನೋಡಲಿಲ್ಲ.

ಮಾರನೆಯ ದಿನ ಓಟು ಹಾಕಿದರು, ಅಲ್ಲೇ ಎಣಿಸಿದರು. ಇವಳು ಸೋತಳು. ಒಂದೇ ಒಂದು ಓಟಿನಲ್ಲಿ.

ನಾನು ಇಂಜಿನಿಯರ್. ಕಟ್ಟೆ ಒಡೆದರೆ ಬಿರುಕು ಎಲ್ಲಿ ಎಂದು ಹುಡುಕದೆ ಬಿಡುವವನಲ್ಲ. ಆ ಒಂದು ಓಟು ಈ ಕಡೆ ಬಿದ್ದಿದ್ದರೆ ಇವಳು ಒಂದು ಓಟಿನಲ್ಲಿ ಗೆಲ್ಲುತ್ತಿದ್ದಳು. ಕೈಕೊಟ್ಟವರು ಯಾರೋ ಒಬ್ಬರೇ. ಮನೆಗೆ ಬರುವ ದಾರಿಯಲ್ಲಿ ಎದುರು ಮನೆಯವನ ಮುಖ ನೋಡಲಿಲ್ಲ. ದಾಯಾದಿ ತಮ್ಮ ಮಾತಾಡಿಸಿದರೆ ಕೇಳಿಸದ ಹಾಗೆ ಬಂದೆ. ಜಗಲಿಯ ಮೇಲೆ ಕೂತು ಬೀದಿಯ ಒಂದೊಂದು ಮನೆಯನ್ನೂ ಬೈದುಕೊಂಡೆ. ನನ್ನ ಅಷ್ಟು ದೊಡ್ಡ ಭಾಷಣಕ್ಕೆ ಒಂದು ಓಟಿನ ಬೆಲೆಯೂ ಇಲ್ಲವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಇವಳ ಮುಖ ಹೇಗೆ ನೋಡುವುದು ಎಂದು ಸಂಕಟವಾಯಿತು.

ಅವಳು ಹಸುಗಳಿಗೆ ಮೇವು ಹಾಕಿ, ಕೈ ತೊಳೆದು, ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತಳು. ಸೋತವಳ ಮುಖದಲ್ಲಿ ಸೋಲೇ ಇರಲಿಲ್ಲ.

"ಯಾರೋ ಒಬ್ಬರು ನಂಬಿಸಿ ಕೈಕೊಟ್ಟರು ಕಣೇ" ಎಂದೆ. "ಯಾರು ಅಂತ ಗೊತ್ತಾಗಲಿ, ಅವರ ಮನೆ ಹೊಸ್ತಿಲು ತುಳಿಯಲ್ಲ ನಾನು."

"ಹಂಗಾದ್ರೆ ಜಗಲಿ ಮೇಲೇ ಇರ್ಬೇಕಾಗ್ತದೆ ನೋಡಿ."

"ಅಂದ್ರೆ?"

"ನಾನೇ ಅವ್ಳಿಗೆ ಹಾಕಿದ್ದು."

ಲೋಟ ನನ್ನ ಕೈಯಲ್ಲೇ ಉಳಿಯಿತು. "ನೀನೇ? ನಿನಗೆ ನೀನು ಹಾಕಿಕೊಳ್ಳದೆ ಅವಳಿಗೆ ಹಾಕಿದೆಯಾ?"

"ಮತ್ತೇನ್ ಮಾಡ್ಲಿ ರೀ? ನನ್ಗೇ ಹಾಕ್ಕೋಬೇಕು ಅಂತಾನೇ ಇದ್ದೆ. ನೀವು ಮೆಟ್ಲು ಹತ್ತಿ ಹೇಳಿದ್ರಲ್ಲ, ನಮ್ಮೋರು ಅಂತ ನೋಡ್ಬೇಡಿ, ಎದೆ ಮುಟ್ಕೊಂಡು ಕೇಳ್ಕೊಳ್ಳಿ ಅಂತ. ಮುಟ್ಕೊಂಡು ಕೇಳ್ಕೊಂಡೆ. ಅವ್ಳು ಸ್ಕೂಟಿ ಹಾಕ್ಕೊಂಡು ಎಲ್ಲಾ ಆಫೀಸಿಗೂ ಓಡಾಡ್ತಾಳೆ, ಜಗಳ ಆಡಿ ಕೆಲ್ಸ ಮಾಡಿಸ್ಕೊಂಡ್ ಬರ್ತಾಳೆ. ನಂಗೆ ಮೀಟಿಂಗ್ನಲ್ಲಿ ಕೂತ್ರೆ ನಿದ್ದೆ ಬರ್ತದೆ. ನೀವ್ ಹೇಳಿದ್ದು ಸರಿ ಅನ್ನಿಸ್ತು. ಹಾಕ್ದೆ."

ಕಾಲೇಜಿನ ಮೆರವಣಿಗೆಯ ಮೇಲೆ ನನ್ನ ಗಂಟಲು ಕಟ್ಟಿದ್ದು ಅವತ್ತೇ. ದುಃಖಕ್ಕಲ್ಲ, ಸಂತೋಷಕ್ಕೆ. ಇಷ್ಟು ವರ್ಷ ಯಾವ ಓಟಿಗಾಗಿ ಊರೂರು ಅಲೆದೆನೋ ಅದು ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿತ್ತು.

"ಅಂದ್ರೆ ನನ್ನ ಮಾತಿಗೂ ಒಂದು ಓಟು ಬಿತ್ತು ಅನ್ನು" ಎಂದೆ, ಹೇಗೋ ಗಂಟಲು ಸರಿ ಮಾಡಿಕೊಂಡು.

"ಬಿತ್ತಲ್ಲ" ಎಂದಳು ಅವಳು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ. "ಮದುವೆ ಆದಾಗ್ನಿಂದ ಒಂದೇ ಒಂದ್ಸಲ ನಿಮ್ ಮಾತು ಕೇಳ್ದೆ. ನೋಡಿ, ಸೋತೆ."